ಸಹಿ ಹಾಕೋಕೆ ಮುಂಚೆ ಒಂದ್ಸಲ ಕೇಳಿ

ನಮ್ಮ ಆಫೀಸಿಗೆ ಬರುವವರಲ್ಲಿ ಬಹಳ ಜನ ಸಹಿ ಹಾಕಿ ಆದ ಮೇಲೆ ಬರುತ್ತಾರೆ. ಅಪ್ಪ ತೀರಿಕೊಂಡಾಗ ಅಣ್ಣ ಮುಂದೆ ಹಿಡಿದ ಹಾಳೆಗೆ ಸಹಿ. ಹಿರಿಯರನ್ನು ಕೂರಿಸಿ ಗಂಡನ ಮನೆಯವರು ಬರೆಸಿದ ಛಾಪಾ ಕಾಗದಕ್ಕೆ ಸಹಿ. ಆಸ್ಪತ್ರೆ ಬಾಗಿಲಲ್ಲಿ ಲಾರಿ ಮಾಲೀಕನ ಕಡೆಯವರು ತಂದ ಪತ್ರಕ್ಕೆ ಸಹಿ. ಆಮೇಲೆ ನನ್ನ ಎದುರು ಕೂತು ಕೇಳುತ್ತಾರೆ: "ಮೇಡಂ, ಈಗೇನಾದ್ರೂ ಮಾಡಬಹುದಾ?"

ನಾನು ತಿಪಟೂರಿನಲ್ಲಿ ವಕೀಲಿ ಮಾಡುವವಳು. ತಾಲ್ಲೂಕು ಕೋರ್ಟಿನ ವಕೀಲರಿಗೆ ಇಂಥದ್ದೇ ಕೇಸು ಅಂತ ಆರಿಸಿಕೊಳ್ಳುವ ಅನುಕೂಲ ಇರಲ್ಲ. ಪಾಲಿನ ದಾವೆ, ಜೀವನಾಂಶದ ಅರ್ಜಿ, ಆಕ್ಸಿಡೆಂಟ್ ಕೇಸು ಎಲ್ಲವೂ ಒಂದೇ ದಿನ ಬರುತ್ತವೆ. ನೋಡೋಕೆ ಬೇರೆ ಬೇರೆ. ಆದರೆ ಮೂರರಲ್ಲೂ ಜನ ಸೋಲುವುದು ಹೆಚ್ಚುಕಡಿಮೆ ಒಂದೇ ಥರ. ದುಃಖದಲ್ಲಿ, ಗಾಬರಿಯಲ್ಲಿ, ಇಲ್ಲಾ ನಮ್ಮವರೇ ಅಲ್ವಾ ಅನ್ನುವ ನಂಬಿಕೆಯಲ್ಲಿ, ಓದದ ಕಾಗದಕ್ಕೆ ಒಪ್ಪಿಗೆ ಕೊಟ್ಟುಬಿಡುತ್ತಾರೆ. ಅದಕ್ಕೇ, ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿಡುತ್ತಿದ್ದೇನೆ. ಹೇಳಿರುವ ಸಂಗತಿಗಳಲ್ಲಿ ಊರು, ಸಂಬಂಧ ಬದಲಿಸಿದ್ದೇನೆ. ಯಾರ ಗುರುತೂ ಸಿಗಬಾರದು.

ಜಾಸ್ತಿ ಬರುವುದು ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ. "ಖಾತೆ ಅಣ್ಣನ ಹೆಸರಿಗೆ ಆಗಿಬಿಡ್ತು. ನನ್ನ ಹಕ್ಕು ಹೋಯ್ತಾ?"

ಹೋಗಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಪಹಣಿಯಲ್ಲಿ ಹೆಸರು ಇರುವುದು ಕಂದಾಯದ ಲೆಕ್ಕಕ್ಕೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿದ್ದರಿಂದ ಅಣ್ಣ ಜಮೀನಿನ ಪೂರ್ತಿ ಮಾಲೀಕ ಆಗಲ್ಲ, ತಂಗಿಯ ಹಕ್ಕು ಅಳಿಸಿ ಹೋಗಲ್ಲ. ಇದನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಊರಿನಲ್ಲಿ ಮಾತ್ರ "ಪಹಣೀಲಿ ಯಾರ ಹೆಸರಿದೆಯೋ ಅವರದ್ದೇ ಜಮೀನು" ಅನ್ನುವ ಮಾತು ಹಾಗೇ ಉಳಿದಿದೆ. ಆ ಮಾತನ್ನು ನಂಬಿಯೇ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ.

ಹಾಗಂತ ಎಲ್ಲಾ ಸಹಿಯೂ ಖಾತೆಯ ಸಹಿ ಅಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಹನ್ನೊಂದನೇ ದಿನದ ಕಾರ್ಯಕ್ಕೆ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಊಟ ಮುಗಿದಿರುತ್ತದೆ. ಶಾಮಿಯಾನದವರು ಕುರ್ಚಿ ಎತ್ತುತ್ತಿರುತ್ತಾರೆ. ಆಗ ಪ್ಲಾಸ್ಟಿಕ್ ಕವರಿನಿಂದ ಕಾಗದ ಹೊರಗೆ ಬರುತ್ತದೆ. "ಪೌತಿ ಖಾತೆಗೆ ನಾಡಕಚೇರಿಗೆ ಕೊಡಬೇಕು. ನೀವು ಮತ್ತೆ ಯಾವಾಗ ಬರ್ತೀರೋ ಏನೋ, ಎಲ್ಲರೂ ಒಂದೊಂದು ಸಹಿ ಹಾಕಿಬಿಡಿ." ಒಬ್ಬ ಹೆಣ್ಣುಮಗಳು ಇಂಥ ಕಾಗದಗಳ ಜೆರಾಕ್ಸ್ ತಂದಿದ್ದಳು. ಮೊದಲನೆಯದು ವಂಶವೃಕ್ಷಕ್ಕೆ ಬೇಕಾದ ಪ್ರಮಾಣಪತ್ರ. ಅದರಲ್ಲಿ ಆಕೆಯ ಹೆಸರು ಸರಿಯಾಗಿತ್ತು. ಎರಡನೆಯದು ಖಾತೆ ಅಣ್ಣನ ಹೆಸರಿಗೆ ಆಗಲು ಅಭ್ಯಂತರವಿಲ್ಲ ಅನ್ನುವ ಪತ್ರ. ಮೂರನೆಯದರ ತಲೆಬರಹ "ಹಕ್ಕು ಖುಲಾಸೆ ಪತ್ರ", ಅಂದರೆ ಆಸ್ತಿಯಲ್ಲಿ ನನ್ನ ಹಕ್ಕು ಬಿಟ್ಟುಕೊಟ್ಟೆ ಅನ್ನುವ ಪತ್ರ. ಮೊದಲ ಎರಡರಿಂದ ಜಮೀನಿನ ಹಕ್ಕು ಹೋಗಲ್ಲ. ಮೂರನೆಯದು ನೋಂದಣಿ ಆದರೆ ಹೋಗುತ್ತದೆ.

"ಮಾರನೇ ದಿನ ಎಲ್ಲಾದರೂ ಕರೆದುಕೊಂಡು ಹೋಗಿದ್ರಾ?" ಅಂತ ಕೇಳಿದೆ. "ಹೂಂ, ಫೋಟೋ ತೆಗೀಬೇಕು ಅಂದ್ರು" ಅಂದಳು. ಆ ಫೋಟೋ ತೆಗೆದದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿ ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟಿನ ಗುರುತು ಪಡೆಯುತ್ತಾರೆ. ಪತ್ರ ಬರೆದುಕೊಟ್ಟಿದ್ದು ಒಪ್ಪಿಗೆಯೇ ಅಂತ ಕೇಳುತ್ತಾರೆ. ಆಕೆ ತಲೆ ಆಡಿಸಿದ್ದಳು. ಅಪ್ಪ ಹೋಗಿ ಎರಡು ವಾರ ಆಗಿರಲಿಲ್ಲ. ಯಾರು ಏನು ಕೇಳಿದರೂ ಹೂಂ ಅನ್ನುವ ಸ್ಥಿತಿ.

ನೋಂದಣಿ ಆದ ಖುಲಾಸೆ ಪತ್ರವನ್ನು ಮೋಸದಿಂದ, ಒತ್ತಾಯದಿಂದ ಮಾಡಿಸಿದ್ದು ಅಂತ ಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು. ಅದಕ್ಕೆ ಮೋಸ ಗೊತ್ತಾದ ದಿನದಿಂದ ಮೂರು ವರ್ಷದ ಗಡುವು. ಆದರೆ ಸಾಬೀತು ಮಾಡುವ ಹೊರೆ ನಿಮ್ಮದೇ. ನಿಮ್ಮ ಫೋಟೋ ಇದೆ, ಹೆಬ್ಬೆಟ್ಟಿದೆ, ಹಣ ಪಡೆದೆ ಅನ್ನುವ ಸಾಲೂ ಅಲ್ಲೇ ಇದೆ. ಕಷ್ಟದ ಕೇಸು. ಅದೇ ಹೆಣ್ಣುಮಗಳು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆ ಆ ಜೆರಾಕ್ಸ್ ತಂದಿದ್ದರೆ ಹತ್ತು ನಿಮಿಷದ ಮಾತು.

ಸಹಿ ಹಾಕಿದ್ದು ನೋಂದಣಿ ಇಲ್ಲದ ಬಿಳಿ ಹಾಳೆಗೋ, ಬರೀ ಛಾಪಾ ಕಾಗದಕ್ಕೋ ಆಗಿದ್ದರೆ ಎದೆಗುಂದಬೇಡಿ. ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿ ಆಗಲೇಬೇಕು. "ಅರಿಶಿನ ಕುಂಕುಮಕ್ಕೆ" ಅಂತ ಒಂದಿಷ್ಟು ದುಡ್ಡು ಕೊಟ್ಟು, ಸೀರೆ ಉಡಿಸಿ, ನೋಟರಿ ಮುಂದೆ ಬರೆಸಿಕೊಂಡ ಮಾತ್ರಕ್ಕೆ ಹಕ್ಕು ಬಿಟ್ಟಂತೆ ಆಗಲ್ಲ.

"ಮದುವೆಗೆ ಅಷ್ಟು ಖರ್ಚು ಮಾಡಿದ್ವಲ್ಲ, ಇನ್ನೇನು ಪಾಲು?" ಅಂತ ಅಣ್ಣಂದಿರು ಕೇಳುತ್ತಾರೆ. ಮದುವೆಯ ಖರ್ಚು ಪಾಲಿಗೆ ವಜಾ ಆಗಲ್ಲ. "1990ರಲ್ಲೇ ಮದುವೆ ಆಗಿಹೋಗಿದೆ, ನಂಗೆ ಬರುತ್ತಾ?" ಅಂತ ಅಕ್ಕಂದಿರು ಕೇಳುತ್ತಾರೆ. ಬರುತ್ತದೆ. ಹಳೆಯ ಗೊಂದಲಕ್ಕೆ ಕಾರಣ ಇದೆ. ಕರ್ನಾಟಕ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲುದಾರರನ್ನಾಗಿ ಮಾಡಿತ್ತು. ಆದರೆ ಅದಕ್ಕೆ ಮುಂಚೆ ಮದುವೆ ಆದವರನ್ನು ಹೊರಗಿಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾನೂನಿಗೆ ಕೇಂದ್ರ ತಂದ 2005ರ ತಿದ್ದುಪಡಿ ಆ ಬೇಲಿ ತೆಗೆಯಿತು. ಆಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಆ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಬೇಕಾ? ಫೂಲವತಿ ಕೇಸಿನಲ್ಲಿ ಹೌದು ಅಂದರು. ದಾನಮ್ಮ ಕೇಸಿನಲ್ಲಿ ಅಪ್ಪ ಮುಂಚೆಯೇ ತೀರಿಕೊಂಡಿದ್ದರೂ ಮಗಳಿಗೆ ಪಾಲು ಕೊಟ್ಟರು. ಎರಡೂ ಕರ್ನಾಟಕದಿಂದ ದಿಲ್ಲಿಗೆ ಹೋದ ಕೇಸುಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟ ಮಾಡಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಆ ದಿನ ಅಪ್ಪ ಬದುಕಿರಬೇಕಿಲ್ಲ.

ಅಡ್ಡ ಬರುವುದು ಹಳೆಯ ಪಾಲುಪಟ್ಟಿ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿ ಆದ, ಇಲ್ಲಾ ಕೋರ್ಟಿನ ಡಿಕ್ರಿಯಿಂದ ಆದ ವಿಭಾಗವನ್ನು ಈಗ ಬಿಚ್ಚೋಕಾಗಲ್ಲ. ಬಾಯಿಮಾತಿನಲ್ಲಿ ಪಾಲಾಗಿತ್ತು ಅನ್ನುವ ವಾದವನ್ನು ಕೋರ್ಟ್ ಅಷ್ಟು ಸುಲಭವಾಗಿ ಒಪ್ಪಲ್ಲ.

ಅಪ್ಪ ತಾನೇ ದುಡಿದು ಕೊಂಡ ಆಸ್ತಿಯ ಲೆಕ್ಕ ಬೇರೆ. ಅದನ್ನು ವಿಲ್ ಬರೆದು ಯಾರಿಗೆ ಬೇಕಾದರೂ ಕೊಡಬಹುದು. ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಎಲ್ಲಾ ಮಕ್ಕಳು, ಜೊತೆಗೆ ತೀರಿಕೊಂಡವರ ತಾಯಿ ಬದುಕಿದ್ದರೆ ಆಕೆ, ಎಲ್ಲರಿಗೂ ಸಮ. ಈ ತಾಯಿಯನ್ನು ಎಲ್ಲರೂ ಮರೆಯುತ್ತಾರೆ. ಚಿಕ್ಕ ವಯಸ್ಸಿನ ಮಗ ಸತ್ತಾಗ ಸೊಸೆ, ಮೊಮ್ಮಕ್ಕಳಷ್ಟೇ ಪಾಲು ಅವನ ಹೆತ್ತ ತಾಯಿಗೂ ಇದೆ. ಹೆಂಡತಿ, ಮಕ್ಕಳು, ತಾಯಿ ಇದ್ದಾಗ ತಂದೆಗೆ ಇಲ್ಲ. ನನಗೆ ಈ ಕಾನೂನಿನಲ್ಲಿ ಇದು ಸರಿ ಅನ್ನಿಸಲ್ಲ, ಆದರೆ ಇರುವುದು ಹಾಗೆ. ಇದೆಲ್ಲ ಹಿಂದೂ ಉತ್ತರಾಧಿಕಾರ ಕಾನೂನಿನ ಮಾತು. ಮುಸ್ಲಿಮರಿಗೆ, ಕ್ರೈಸ್ತರಿಗೆ ನಿಯಮ ಬೇರೆ.

ಪಾಲಿನ ದಾವೆ ಹಾಕೋಕೆ ಲಕ್ಷಗಟ್ಟಲೆ ಕೋರ್ಟ್ ಫೀ ಕಟ್ಟಬೇಕು ಅಂತ ಯಾರೋ ಹೆದರಿಸಿರುತ್ತಾರೆ. ಕುಟುಂಬದ ಆಸ್ತಿ ಇನ್ನೂ ಜಂಟಿ ಸ್ವಾಧೀನದಲ್ಲಿದೆ ಅಂತ ಹಾಕುವ ದಾವೆಗೆ ಕರ್ನಾಟಕದ ಕೋರ್ಟ್ ಫೀ ಕಾಯ್ದೆಯ 35ನೇ ಕಲಂ ಪ್ರಕಾರ ಗರಿಷ್ಠ 200 ರೂಪಾಯಿ. ಇದನ್ನು ಕೇಳಿ ಮುಖ ಅರಳಿಸಿದ ಹೆಣ್ಣುಮಕ್ಕಳನ್ನು ನೋಡಿದ್ದೇನೆ.

ಪಾಲು ಬೇಡ, ತವರಿನ ನಂಟು ಉಳಿದರೆ ಸಾಕು ಅನ್ನುವವರೂ ಇದ್ದಾರೆ. ಅದು ಅವರ ತೀರ್ಮಾನ, ನಾನು ಗೌರವಿಸುತ್ತೇನೆ. ಏನು ಬಿಡುತ್ತಿದ್ದೇನೆ ಅಂತ ತಿಳಿದು ಬಿಡಲಿ ಅನ್ನುವುದಷ್ಟೇ ನನ್ನ ಆಸೆ. ಅದಕ್ಕೆ ಕಾರ್ಯದ ದಿನವೇ ಆಗಬೇಕು ಅಂತೇನಿಲ್ಲ, ಅಲ್ವಾ?

ಇನ್ನು ವಿಲ್. "ಪ್ರೊಬೇಟ್ ಮಾಡಿಸಬೇಕಂತಲ್ಲ ಮೇಡಂ, ಮುಂಬೈಲಿರೋ ನೆಂಟರು ಹೇಳಿದ್ರು." ಕೋರ್ಟಿನಿಂದ ವಿಲ್ ಅಸಲಿ ಅಂತ ಪ್ರಮಾಣ ಪಡೆಯುವುದೇ ಪ್ರೊಬೇಟ್. ಹಿಂದೂಗಳ ವಿಲ್‌ಗೆ ಅದು ಕಡ್ಡಾಯವಾಗಿದ್ದದ್ದು ಹಳೆಯ ಪ್ರೆಸಿಡೆನ್ಸಿ ಊರುಗಳಾದ ಮುಂಬೈ, ಚೆನ್ನೈ, ಕೋಲ್ಕತ್ತಕ್ಕೆ ಸಂಬಂಧಪಟ್ಟ ವಿಲ್‌ಗಳಿಗೆ. ತಿಪಟೂರಿನ ತೆಂಗಿನ ತೋಟಕ್ಕೆ ಬರೆದ ವಿಲ್‌ಗೆ ಅದು ಬೇಕಾಗಿರಲೇ ಇಲ್ಲ. ವಿಲ್‌ಗೆ ಛಾಪಾ ಕಾಗದ ಬೇಡ. ನೋಂದಣಿಯೂ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಆದರೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು.

ವಿಲ್‌ಗಳು ಕೋರ್ಟಿನಲ್ಲಿ ಬಿದ್ದುಹೋಗುವುದು ಜಾಸ್ತಿ ಈ ಸಾಕ್ಷಿಗಳಿಂದಲೇ. ತಕರಾರು ಬಂದರೆ ಆ ಇಬ್ಬರಲ್ಲಿ ಒಬ್ಬರಾದರೂ ಕಟಕಟೆಗೆ ಬಂದು, "ಅವರು ನಮ್ಮೆದುರು ಸಹಿ ಹಾಕಿದರು, ನಾವು ಅವರೆದುರು ಹಾಕಿದೆವು" ಅನ್ನಬೇಕು. ಎಂಬತ್ತರ ಅಜ್ಜ ತನ್ನ ವಯಸ್ಸಿನ ಗೆಳೆಯರನ್ನೇ ಸಾಕ್ಷಿ ಹಾಕಿಸಿಕೊಂಡಿರುತ್ತಾನೆ. ದಾವೆ ಬರುವ ಹೊತ್ತಿಗೆ ಮೂವರೂ ಇರಲ್ಲ. ಹಾಗಾದರೆ ವಿಲ್ ಸತ್ತೇ ಹೋಯ್ತು ಅಂತಲ್ಲ, ಅವರ ಕೈಬರಹ, ಸಹಿ ಗುರುತಿಸುವವರನ್ನು ಹುಡುಕಬೇಕು. ಅದು ದೊಡ್ಡ ಪಾಡು. ನಿಮಗಿಂತ ಚಿಕ್ಕವರನ್ನು ಸಾಕ್ಷಿ ಮಾಡಿ. ಆಸ್ತಿ ಪಡೆಯುವವರನ್ನು ಬೇಡ. ಆಸ್ತಿ ಪಡೆಯುವ ಮಗನೇ ವಿಲ್ ಬರೆಸಿ, ಅವನೇ ಕಾರಿನಲ್ಲಿ ಕರೆದುಕೊಂಡು ಹೋಗಿ ಸಹಿ ಹಾಕಿಸಿದ್ದರೆ ಅನುಮಾನ ಬರುವುದು ಸಹಜ. ಈ ವಿಷಯದಲ್ಲಿ ದೇಶದ ಎಲ್ಲಾ ಕೋರ್ಟುಗಳೂ ಇವತ್ತಿಗೂ ಎತ್ತಿ ಓದುವ 1958ರ ತೀರ್ಪು, ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರ ಕೇಸು, ಮೈಸೂರಿನದ್ದೇ. ವಿಲ್ ಮುಂದಿಟ್ಟವನೇ ಅದನ್ನು ಬರೆಸುವುದರಲ್ಲಿ ಮುಂದಾಗಿದ್ದ, ಅವನ ಕಡೆಯವರಿಗೇ ಲಾಭ ಆಗಿತ್ತು. ಇಂಥ ಅನುಮಾನವನ್ನು ವಿಲ್ ತಂದವನೇ ಪರಿಹರಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು.

ನಾಮಿನಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬ್ಯಾಂಕ್ ಖಾತೆಗೆ ತಮ್ಮ ನಾಮಿನಿ ಆಗಿದ್ದರೆ ದುಡ್ಡು ಅವನ ಕೈಗೆ ಬರುತ್ತದೆ, ಅಷ್ಟೇ. ಅದು ಅವನದ್ದಾಗಲ್ಲ. ವಾರಸುದಾರರಿಗೆ ಹಂಚಬೇಕು. 1983ರ ಸರ್ಬತಿ ದೇವಿ ಕೇಸಿನಿಂದ ಹಿಡಿದು ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಬಂದ ತೀರ್ಪಿನ ತನಕ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿದೆ. ಮದುವೆಗೆ ಮುಂಚೆ ಅಮ್ಮನ ಹೆಸರು ಬರೆಸಿ ಹಾಗೇ ಬಿಟ್ಟ ಫಾರಂಗಳು ಎಷ್ಟು ಮನೆಗಳಲ್ಲಿ ಅತ್ತೆ ಸೊಸೆಯರನ್ನು ಕೋರ್ಟಿಗೆ ತಂದಿವೆಯೋ! ನಾಮಿನಿಯೇ ಇಲ್ಲದೆ ದೊಡ್ಡ ಮೊತ್ತ ಇದ್ದರೆ ಬ್ಯಾಂಕಿನವರು ಸಕ್ಸೆಶನ್ ಸರ್ಟಿಫಿಕೇಟ್ ಕೇಳಬಹುದು. ಅದು ಸಿವಿಲ್ ಕೋರ್ಟಿನಿಂದ ಸಿಗುತ್ತದೆ, ಬಾಕಿ ಹಣ, ಷೇರು ಇಂಥವಕ್ಕೆ ಮಾತ್ರ. ಜಮೀನಿಗೆ ಅದು ಬೇಡ.

ವಯಸ್ಸಾದವರು ಕೇಳುವ ಪ್ರಶ್ನೆ ಒಂದಿದೆ, ಅದನ್ನು ಬಿಡೋಕಾಗಲ್ಲ. "ಮನೆ ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ವಿ. ಈಗ ಊಟಕ್ಕೂ ಹಾಕ್ತಿಲ್ಲ. ವಾಪಸ್ ಬರುತ್ತಾ?" 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಇದಕ್ಕೇ ಇರುವುದು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟಿದ್ದು, ಅವನು ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಯವರ ಮುಂದೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ಪೇಚು ಇರುವುದು ಆ ಷರತ್ತಿನಲ್ಲೇ. "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ" ಅಂತಷ್ಟೇ ಬರೆದಿದ್ದರೆ ಎದುರಿನ ವಕೀಲರು ಷರತ್ತು ಎಲ್ಲಿದೆ ತೋರಿಸಿ ಅನ್ನುತ್ತಾರೆ. 2022ರಲ್ಲಿ ಸುಪ್ರೀಂ ಕೋರ್ಟ್ ಷರತ್ತು ಇರಲೇಬೇಕು ಅಂದಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಕೇಸಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂದಿತು. ನಿಮಗೆ ಯಾಕೆ ಈ ತಕರಾರು? "ನಮ್ಮಿಬ್ಬರ ಜೀವಮಾನ ಪೂರ್ತಿ ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು" ಅನ್ನುವ ಸಾಲು ಪತ್ರದಲ್ಲೇ ಬರೆಸಿ. ಬರೆಸೋಕೆ ಮಗ ಒಪ್ಪದಿದ್ದರೆ ಪತ್ರವನ್ನೇ ಮಾಡಿಕೊಡಬೇಡಿ.

ಗಂಡ ಹೆಂಡತಿ ವಿಷಯಕ್ಕೆ ಬರುತ್ತೇನೆ. ಛಾಪಾ ಕಾಗದದ ವಿಚ್ಛೇದನ ಇನ್ನೂ ನಿಂತಿಲ್ಲ. ಹಿರಿಯರು ಕೂತು, "ಇಂದಿನಿಂದ ನಿನಗೂ ನನಗೂ ಸಂಬಂಧವಿಲ್ಲ, ಜೀವನಾಂಶ ಕೇಳುವುದಿಲ್ಲ" ಅಂತ ಬರೆಸಿ ಇಬ್ಬರ ಸಹಿ ಹಾಕಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಮುರಿಯುವುದು ಕೋರ್ಟಿನ ಡಿಕ್ರಿಯಿಂದ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನಕ್ಕೆ ಕಾನೂನಿನಲ್ಲಿ ಜಾಗ ಇದೆ, ಆದರೆ ಆ ರೂಢಿಯನ್ನು ಸಾಬೀತು ಮಾಡಬೇಕು. ಮಿಕ್ಕವರಿಗೆ ಆ ಕಾಗದದಿಂದ ಏನೂ ಆಗಲ್ಲ. ಅದನ್ನು ನಂಬಿ ಇನ್ನೊಂದು ಮದುವೆ ಆದವರ ಎರಡನೇ ಮದುವೆ ಅಸಿಂಧು. ಜೀವನಾಂಶ ಕೇಳಲ್ಲ ಅಂತ ಬರೆದುಕೊಟ್ಟಿದ್ದರೂ ಕಷ್ಟದಲ್ಲಿರುವ ಹೆಂಡತಿ ಕೋರ್ಟಿಗೆ ಬರುವ ದಾರಿ ಮುಚ್ಚಲ್ಲ.

ಜೀವನಾಂಶದ ಅರ್ಜಿಯನ್ನು ಜನ ಇನ್ನೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ ನಂಬರಿನಿಂದ "125" ಅಂತಲೇ ಕರೆಯುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಗಂಡನ ಊರಿಗೇ ಅಲೆಯಬೇಕಿಲ್ಲ, ನೀವು ಇರುವ ಊರಿನಲ್ಲೇ ಹಾಕಬಹುದು. ರಜನೀಶ್ ಮತ್ತು ನೇಹಾ ಕೇಸಿನ 2020ರ ತೀರ್ಪಿನ ನಂತರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಕೊಡಬೇಕು. ಜೀವನಾಂಶವೂ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಹಾಗಾಗಿ "ಸ್ವಲ್ಪ ದಿನ ನೋಡೋಣ" ಅಂತ ಕಾದ ಒಂದೊಂದು ತಿಂಗಳೂ ನಿಮ್ಮ ಲೆಕ್ಕದಿಂದ ಹೋಗುತ್ತದೆ. ಇಬ್ಬರೂ ಒಪ್ಪಿ ಬೇರೆಯಾಗುವುದಾದರೆ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಸೂಕ್ತ ಕಾರಣ ಇದ್ದರೆ ಕೋರ್ಟ್ ಬಿಟ್ಟುಕೊಡಬಹುದು ಅಂತ 2017ರಲ್ಲಿ ತೀರ್ಪಾಗಿದೆ.

ಎರಡನೇ ಹೆಂಡತಿಯ ಮಕ್ಕಳಿಗೆ ಪಾಲಿದೆಯಾ ಅಂತ ಮೆಲ್ಲಗೆ, ಅಕ್ಕಪಕ್ಕ ನೋಡಿ ಕೇಳುತ್ತಾರೆ. ಮೆಲ್ಲಗೆ ಕೇಳುವಂಥದ್ದೇನೂ ಇಲ್ಲ. ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಅನ್ನುವ ಕರ್ನಾಟಕದ ಕೇಸಿನಲ್ಲೇ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇದನ್ನು ಬಗೆಹರಿಸಿದೆ. ಆ ಮಕ್ಕಳಿಗೆ ಅಪ್ಪನ ಸ್ವಂತ ಆಸ್ತಿಯಲ್ಲೂ, ಕುಟುಂಬದ ಆಸ್ತಿಯಲ್ಲಿ ಅಪ್ಪನ ಪಾಲಿಗೆ ಬಂದಿದ್ದರಲ್ಲೂ ಭಾಗ ಇದೆ. ಅಣ್ಣತಮ್ಮಂದಿರ ಹಾಗೆ ಹುಟ್ಟಿನಿಂದ ಪಾಲುದಾರರು ಆಗಲ್ಲ, ಅಷ್ಟೇ ವ್ಯತ್ಯಾಸ. ಮಕ್ಕಳ ತಪ್ಪೇನಿದೆ?

ಆಕ್ಸಿಡೆಂಟ್ ಕೇಸುಗಳು ನನ್ನ ನಿದ್ದೆ ಕೆಡಿಸುವಂಥವು. ತುಮಕೂರು–ಶಿವಮೊಗ್ಗ ರಸ್ತೆ ನಮ್ಮೂರಿನ ಮೇಲೇ ಹೋಗುತ್ತದೆ, ಹಾಗಾಗಿ ಕೇಸುಗಳಿಗೆ ಬರ ಇಲ್ಲ. ಇಲ್ಲಿ ಸಹಿಗಿಂತ ಮುಂಚೆ ಇನ್ನೊಂದು ಸಾಲು ಇದೆ. ಆಸ್ಪತ್ರೆಗೆ ಸೇರಿಸುವಾಗ ಕೇಸ್ ಶೀಟಿನ ಮೊದಲ ಪುಟದಲ್ಲಿ ಗಾಯ ಹೇಗಾಯಿತು ಅಂತ ಒಂದು ಸಾಲು ಬರೆಯುತ್ತಾರೆ. ಕರೆದುಕೊಂಡು ಬಂದವರು ಪೊಲೀಸ್ ಗೋಜು ಯಾಕೆ ಅಂತ "ಗಾಡಿಯಿಂದ ಬಿದ್ದ" ಅಂದುಬಿಡುತ್ತಾರೆ. ಡಾಕ್ಟರು ಹಾಗೇ ಬರೆದುಕೊಳ್ಳುತ್ತಾರೆ. ನಾಲ್ಕು ದಿನ ಬಿಟ್ಟು ಮನೆಯವರು ಲಾರಿ ಗುದ್ದಿತು ಅಂತ ದೂರು ಕೊಡುತ್ತಾರೆ. ಕ್ಲೇಮು ಹಾಕಿದಾಗ ವಿಮಾ ಕಂಪನಿಯ ವಕೀಲರು ಮೊದಲು ತರಿಸುವುದೇ ಆ ಕೇಸ್ ಶೀಟು. "ತಾನೇ ಬಿದ್ದಿದ್ದಾನೆ, ಆಮೇಲೆ ಲಾರಿ ಸೇರಿಸಿದ್ದಾರೆ" ಅಂತ ವಾದ. ನಿಜವಾಗಿ ಲಾರಿಯೇ ಗುದ್ದಿದ್ದರೂ ಆ ಒಂದು ಸಾಲಿನ ಎದುರು ವರ್ಷಗಟ್ಟಲೆ ಹೋರಾಡಬೇಕು. ಆಸ್ಪತ್ರೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಯಾವ ಗಾಡಿ, ಎಲ್ಲಿ, ಗೊತ್ತಿದ್ದರೆ ನಂಬರು. ದಾರಿಯಲ್ಲಿ ಹೋಗುತ್ತಿದ್ದು ಸಹಾಯ ಮಾಡಿದವರಿಗೆ ಪೊಲೀಸರು ತೊಂದರೆ ಕೊಡುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅವರಿಗೆ ರಕ್ಷಣೆ ಇದೆ.

ಆಮೇಲೆ ಬರುವುದು ರಾಜಿ. "ಆಸ್ಪತ್ರೆ ಖರ್ಚು ನಾವೇ ಕೊಡ್ತೀವಿ, ಮೇಲೆ ಐವತ್ತು ಸಾವಿರ, ಕೇಸು ಬೇಡ" ಅಂತ ಬರುತ್ತಾರೆ. ಮನೆಯಲ್ಲಿ ದುಡಿಯುವವನೇ ಹೋಗಿರುತ್ತಾನೆ. ಐವತ್ತು ಸಾವಿರ ದೊಡ್ಡದಾಗಿ ಕಾಣುತ್ತದೆ. ಅಂಥವರಿಗೆ ನಾನು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸುತ್ತೇನೆ. ನೀವೂ ನೋಡಿ.

ತೀರಿಕೊಂಡವರಿಗೆ 38 ವರ್ಷ, ಕೊಬ್ಬರಿ ಮಂಡಿಯಲ್ಲಿ ಕೆಲಸ ಅಂತ ಇಟ್ಟುಕೊಳ್ಳಿ. ತಿಂಗಳ ಆದಾಯ 15,000 ಅಂತ ಕೋರ್ಟ್ ಒಪ್ಪಿತು. ಖಾಯಂ ನೌಕರಿ ಇಲ್ಲದ, 40ರ ಒಳಗಿನವರಿಗೆ ಮುಂದೆ ಆದಾಯ ಹೆಚ್ಚುತ್ತಿತ್ತು ಅಂತ ಶೇ. 40 ಸೇರಿಸಬೇಕು. 21,000 ಆಯಿತು. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಸೇರಿ ನಾಲ್ವರು ಅವಲಂಬಿತರು. ಹಾಗಾಗಿ ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯಬೇಕು. ಉಳಿದದ್ದು 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 15. ಗುಣಿಸಿದರೆ 28,35,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಗೆ, ಹೆಂಡತಿ ಮಕ್ಕಳು ತಾಯಿ ಕಳೆದುಕೊಂಡ ಆಸರೆಗೆ ಬೇರೆ ಮೊತ್ತ, ಜೊತೆಗೆ ಬಡ್ಡಿ. ಇದು ನನ್ನ ಲೆಕ್ಕ ಅಲ್ಲ. 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಲೆಕ್ಕ. ತೀರಿಕೊಂಡವರದ್ದೂ ತಪ್ಪಿದ್ದರೆ ಅಷ್ಟು ಭಾಗ ಕಡಿಮೆ ಆಗುತ್ತದೆ. ಆದರೂ 28 ಲಕ್ಷ ಎಲ್ಲಿ, 50 ಸಾವಿರ ಎಲ್ಲಿ!

"ಅವಳು ಕೆಲಸಕ್ಕೇನೂ ಹೋಗ್ತಿರಲಿಲ್ಲ, ಮನೇಲೇ ಇದ್ಲು" ಅಂತ ಹೆಂಡತಿ ಕಳೆದುಕೊಂಡ ಗಂಡಸರು ಹೇಳುತ್ತಾರೆ. ಅವಳು ನಸುಕಿಗೆ ಎದ್ದು ಕೊಟ್ಟಿಗೆ ಬಳಿದು, ಅಡಿಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ತೋಟಕ್ಕೆ ಬುತ್ತಿ ತಂದುಕೊಟ್ಟಿದ್ದೆಲ್ಲ ಏನು? ಗೃಹಿಣಿಯ ಕೆಲಸಕ್ಕೂ ಆದಾಯ ಕಟ್ಟಬೇಕು ಅಂತ 2021ರ ಜನವರಿಯಲ್ಲಿ ಕೀರ್ತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒತ್ತಿ ಹೇಳಿದೆ.

ಗಾಯಾಳುಗಳ ಕೇಸಿನಲ್ಲಿ ನೋಡಬೇಕಾದದ್ದು ಅಂಗವಿಕಲತೆಯ ಪ್ರಮಾಣ. ಡಾಕ್ಟರು ಕಾಲಿಗೆ ಶೇ. 30 ಅಂತ ಬರೆದರೆ ಸಂಪಾದನೆಯ ನಷ್ಟವೂ ಶೇ. 30 ಅಂತಲ್ಲ. 2010ರ ರಾಜ್‌ಕುಮಾರ್ ತೀರ್ಪಿನಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಎಡಗೈ ಕಳೆದುಕೊಂಡ ಗುಮಾಸ್ತ ಕೆಲಸ ಮುಂದುವರಿಸಬಹುದು. ಅದೇ ಬಡಗಿಯದ್ದು, ಡ್ರೈವರಿನದ್ದು ಪೂರ್ತಿ ಹೋದಂತೆ. ನಮ್ಮ ಕಡೆ ಮರ ಹತ್ತಿ ಕಾಯಿ ಕೀಳುವವನ ಕಣಕಾಲು ಮಡಚದಿದ್ದರೆ ಅವನ ಕಸುಬು ಮುಗಿಯಿತು. ಇದನ್ನು ಕೋರ್ಟಿಗೆ ತಿಳಿಸೋಕೆ ಅವನ ಕೆಲಸ ಏನು ಅನ್ನುವ ಸಾಕ್ಷ್ಯ ಬೇಕು. ಬರೀ "ಕೂಲಿ" ಅಂತ ಬರೆಸಿದರೆ ಸಾಲದು.

ಹುಷಾರಾಗಿರಬೇಕಾದ ಜಾಗ ಒಂದಿದೆ. ಜಾತ್ರೆಗೆ, ಬೀಗರ ಊಟಕ್ಕೆ ಗೂಡ್ಸ್ ಗಾಡಿಯಲ್ಲಿ ಜನ ತುಂಬಿಕೊಂಡು ಹೋಗುತ್ತಾರೆ. ಆ ಗಾಡಿ ಪಲ್ಟಿಯಾದರೆ ಸರಕಿನ ಜೊತೆ ಬಂದ ಮಾಲೀಕ ಅಲ್ಲದ, ಸುಮ್ನೆ ಹತ್ತಿಕೊಂಡವರ ಹೊಣೆ ವಿಮಾ ಕಂಪನಿಗೆ ಇಲ್ಲ. 2002ರಲ್ಲೇ ಆಶಾ ರಾಣಿ ಕೇಸಿನಲ್ಲಿ ತೀರ್ಮಾನ ಆಗಿದೆ. ಗಾಡಿ ಮಾಲೀಕ ಕೊಡಬೇಕು. ಅವನು ಬ್ಯಾಂಕ್ ಸಾಲದಲ್ಲಿ ಗಾಡಿ ತಂದವನಾಗಿದ್ದರೆ ಎಲ್ಲಿಂದ ಕೊಡುತ್ತಾನೆ? ದಯವಿಟ್ಟು ಹತ್ತಬೇಡಿ.

ಗುದ್ದಿದ ಗಾಡಿ ಯಾವುದು ಅಂತ ಗೊತ್ತೇ ಆಗದಿದ್ದರೆ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಪರಿಹಾರದ ಯೋಜನೆ ಇದೆ. ಕಂದಾಯ ಇಲಾಖೆಯ ಅಧಿಕಾರಿಗೆ ಅರ್ಜಿ ಕೊಡಬೇಕು. ಕೇಳುವವರೇ ಕಡಿಮೆ. ಗಾಡಿ ಗೊತ್ತಿದ್ದರೆ ಕ್ಲೇಮನ್ನು ಅಪಘಾತ ಆದ ಜಾಗದಲ್ಲೂ ಹಾಕಬಹುದು, ನೀವು ವಾಸ ಇರುವ ಜಾಗದಲ್ಲೂ ಹಾಕಬಹುದು. ಮಗ ಬೆಂಗಳೂರಿನಲ್ಲಿ ಗಾಯಗೊಂಡರೂ ಕೇಸು ತಿಪಟೂರಿನಲ್ಲೇ ನಡೆಸಬಹುದು. ಅಪಘಾತ ಆದ ದಿನದಿಂದ ಆರು ತಿಂಗಳೊಳಗೆ ಕ್ಲೇಮು ಹಾಕಬೇಕು ಅನ್ನುವ ಗಡುವೂ 2022ರ ಏಪ್ರಿಲ್ 1ರಿಂದಲೇ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಆದರೆ ನೀವು ಆ ಆಸೆ ಇಟ್ಟುಕೊಳ್ಳದೆ ಆರು ತಿಂಗಳೊಳಗೇ ಹಾಕಿ.

ಲೋಕ ಅದಾಲತ್‌ನಲ್ಲಿ ಮುಗಿಸಿಕೊಳ್ಳಬಹುದಾ ಅಂತ ಕೇಳುತ್ತಾರೆ. ಒಳ್ಳೆಯದೇ. ಬೇಗ ಮುಗಿಯುತ್ತದೆ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದರೆ ಅದೇ ಕೊನೆ, ಮೇಲ್ಮನವಿ ಇಲ್ಲ. ಮೊತ್ತ ಎಷ್ಟು, ಯಾರ ಹೆಸರಿಗೆ ಎಷ್ಟು, ಎಷ್ಟು ದಿನದಲ್ಲಿ ಕೊಡುತ್ತಾರೆ ಅಂತ ಗಟ್ಟಿಯಾಗಿ ಓದಿಸಿಕೊಳ್ಳಿ. ಓದಿ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಪ್ರತಿ ತಾಲ್ಲೂಕಿನಲ್ಲೂ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಇವರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಕೋರ್ಟ್ ಫೀಯನ್ನೂ ಅವರೇ ನೋಡಿಕೊಳ್ಳುತ್ತಾರೆ. ಫೋನ್ ನಂಬರು 15100. ಕೇಸು ಹಾಕೋಕೇ ಹೋಗಬೇಕು ಅಂತಿಲ್ಲ, ಯಾರೋ ಕೊಟ್ಟ ಕಾಗದದಲ್ಲಿ ಏನು ಬರೆದಿದೆ ಅಂತ ಕೇಳೋಕೂ ಹೋಗಬಹುದು. ಹೋಗುವಾಗ ಆ ಕಾಗದದ ಜೆರಾಕ್ಸ್, ಆಧಾರ್ ಕಾರ್ಡು, ಜಮೀನಿನ ವಿಷಯವಾದರೆ ಪಹಣಿ, ಆಕ್ಸಿಡೆಂಟ್ ಆದರೆ ಎಫ್‌ಐಆರ್ ಪ್ರತಿ ಮತ್ತು ಡಿಸ್ಚಾರ್ಜ್ ಸಮ್ಮರಿ ಇಟ್ಟುಕೊಂಡು ಹೋಗಿ. ಅರ್ಜಿ ಬರೆಯೋಕೆ ಬರದಿದ್ದರೆ ಬಾಯಲ್ಲಿ ಹೇಳಿದರೂ ಸಾಕು, ಅಲ್ಲಿಯವರೇ ಬರೆದುಕೊಳ್ಳುತ್ತಾರೆ.